ಗುಡಿಸಿದ ಹಿತ್ತಿಲು

ಭಾನುವಾರ ಬೆಳಿಗ್ಗೆ ಆರಕ್ಕೆ ಹಿತ್ತಿಲ ಬಾಗಿಲು ತೆಗೆದ ಅಂಬುಜಾ ಚಿಲಕ ಹಿಡಿದುಕೊಂಡೇ ನಿಂತುಬಿಟ್ಟಳು. ಹಿತ್ತಿಲು ಥಳಥಳ ಹೊಳೆಯುತ್ತಿತ್ತು. ಬೆಣ್ಣೆಹಣ್ಣಿನ ಮರದಡಿ ಹತ್ತು ದಿನದಿಂದ ಬಿದ್ದಿದ್ದ ಎಲೆಗಳಲ್ಲಿ ಒಂದಾದರೂ ಉಳಿದಿರಬೇಕಲ್ಲ, ಊಹೂಂ. ಗುಡಿಸಿ, ನೀರು ಚಿಮುಕಿಸಿ, ಅದೂ ಸಾಲದೆಂದು ಒಗೆಯುವ ಕಲ್ಲಿನ ಮುಂದೆ ರಂಗೋಲಿ ಎಳೆದು, ಮನೆಗೆಲಸದ ಆಂಜನಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು ತನ್ನ ಕೆಲಸವನ್ನು ತಾನೇ ಮೆಚ್ಚುತ್ತಿದ್ದಳು. ಇನ್ನೈದು ನಿಮಿಷಕ್ಕೆ ಎಂಟು ಜನ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಬರುವವರಿದ್ದರು, ಆ ಎಲೆಗಳ ಮೇಲೆ ಓಡಾಡುವ ಹಕ್ಕಿಯನ್ನು ನೋಡಲೆಂದೇ.

ಜೀವನ್ ಬೀಮಾ ನಗರದ ಈ ಮನೆಯ ಹಿತ್ತಿಲಲ್ಲಿ ಮೂರು ವರ್ಷದಿಂದ ಅಂಬುಜಾ ಹಕ್ಕಿಗಳಿಗೆ ಮಾಡದ ಉಪಚಾರವಿಲ್ಲ. ನವಣೆ ಇಟ್ಟಳು, ಸಜ್ಜೆ ಇಟ್ಟಳು, ಪಪ್ಪಾಯಿ ಹೆಚ್ಚಿಟ್ಟಳು, ಮಣ್ಣಿನ ತಟ್ಟೆಯಲ್ಲಿ ನೀರಿಟ್ಟಳು. ಬಂದದ್ದು ಕಾಗೆ, ಪಾರಿವಾಳ, ಕತ್ತಲಾದ ಮೇಲೆ ಹೆಗ್ಗಣ. ಹೆಗ್ಗಣಕ್ಕೆ ಇಷ್ಟು ಮರ್ಯಾದೆ ಮಾಡುವವರು ಬೆಂಗಳೂರಿನಲ್ಲೇ ಇಲ್ಲ ಎಂದು ಗಂಡ ಶ್ರೀಕಂಠಯ್ಯ ಆಫೀಸಿನಲ್ಲೆಲ್ಲ ಹೇಳಿಕೊಂಡು ನಗಾಡಿದ್ದ. ಈ ಸಲ ದಸರಾ ಕಳೆದ ಮೇಲೆ ಆಂಜನಮ್ಮ ತಂಗಿ ಮಗಳ ಬಾಣಂತನಕ್ಕೆ ಮಾಲೂರಿಗೆ ಹೋದಳು, ಇತ್ತ ಅಂಬುಜಾಳ ಸೊಂಟ ಹಿಡಿದುಕೊಂಡಿತು, ಹಿತ್ತಿಲ ತುಂಬ ಎಲೆ ಹಾಸಿತು. ಗುರುವಾರ ಬೆಳಿಗ್ಗೆ ಆ ಎಲೆಗಳ ಮೇಲೆ ಕುಪ್ಪಳಿಸುತ್ತ ಬಂತು, ಊರೊಳಗೆ ಅಪರೂಪದ ನವರಂಗ ಹಕ್ಕಿ! ಹಸಿರು ಬೆನ್ನು, ನೀಲಿ ರೆಕ್ಕೆ, ಹೊಟ್ಟೆಯಡಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಬಣ್ಣಗಳನ್ನೆಲ್ಲ ಧಾರಾಳವಾಗಿ ಕೊಟ್ಟ ದೇವರು ಬಾಲದ ಹೊತ್ತಿಗೆ ಜಿಪುಣನಾಗಿದ್ದ. ಎಲೆ ಮಗುಚಿ ಮಗುಚಿ ಹುಳ ಹೆಕ್ಕುತ್ತಿತ್ತು. ಅಂಬುಜಾಳಿಗೆ ಕುಣಿಯಬೇಕೆನಿಸಿತು, ಸೊಂಟ ಬಿಡಲಿಲ್ಲ.

ಬಾಗಿಲ ಸಂದಿಯಿಂದಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಕುಕ್ ಟೌನಿನ ಭಾರ್ಗವ್, ಆ ಗುಂಪಿಗೆಲ್ಲ ಅವನೇ ಮೇಷ್ಟ್ರು, ಅದನ್ನು ದೊಡ್ಡದು ಮಾಡಿ ನೋಡಿ, ಮೇಡಂ ಇದು ಎಲೆ ಎಂದು ಬರೆದ. ಕೆಳಗೆ ಹದಿನಾಲ್ಕು ಜನ ನಗುವ ಮುಖ ಒತ್ತಿದರು. ಭಾನುವಾರ ಬನ್ನಿ, ಕಣ್ಣಾರೆ ನೋಡಿಕೊಂಡು ಹೋಗಿ ಎಂದು ಅಂಬುಜಾ ಕರೆದೇಬಿಟ್ಟಳು. ಶನಿವಾರ ಸಂಜೆ ಆಂಜನಮ್ಮ ಊರಿಂದ ಬಂದದ್ದು ತಿಳಿದು, ನಾಳೆ ಮನೆಗೆ ಜನ ಬರ್ತಾರೆ, ಉಪ್ಪಿಟ್ಟು ಕಾಫಿ ಆಗ್ಬೇಕು, ಬೇಗ ಬಾ ಎಂದು ಫೋನೂ ಮಾಡಿದಳು. ಎಲೆಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

“ಏನ್ ಮಾಡ್ಬಿಟ್ಟೆ ಆಂಜನಮ್ಮ” ಎಂದಳು ಈಗ.

“ಜನ ಬರ್ತಾರೆ ಅಂದ್ರಲ್ಲಕ್ಕ. ಹಿತ್ಲು ಹಂಗಿದ್ರೆ ನನ್ನ ಮಾನ ಏನಾಗ್ಬೇಕು? ಐದೂವರೆಗೇ ಬಂದೆ.”

ಬೈಯಲು ಬಾಯಿ ತೆರೆದ ಅಂಬುಜಾಳಿಗೆ ಅಳು ಬಂತು. ಅಷ್ಟರಲ್ಲಿ ಗೇಟಿನ ಸದ್ದು. ಭಾರ್ಗವ್ ಮೊಳದುದ್ದದ ಲೆನ್ಸ್ ಹೊತ್ತು, ರಂಗೋಲಿ ತುಳಿಯದ ಹಾಗೆ ಕಾಲಿಟ್ಟು, ಸುತ್ತಲೂ ನೋಡಿ, ತುಂಬಾ ಕ್ಲೀನಾಗಿದೆ ಮೇಡಂ ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಎಲೆ ಇತ್ತು, ಹಕ್ಕಿ ಇತ್ತು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟೆ ಇತ್ತು, ಮೂರು ದಿನ ನೋಡಿದ್ದೀನಿ ಎಂದು ಅಂಬುಜಾ ಹೇಳುತ್ತಲೇ ಹೋದಳು. ಹೇಳಿದಷ್ಟೂ ಅದು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

“ಆ ಮೋಟು ಬಾಲದ್ದಾ? ಅದಕ್ಕಾ ಇಷ್ಟು ಜನ?” ಆಂಜನಮ್ಮ ಗದ್ದದಿಂದಲೇ ಕಾಂಪೌಂಡಿನಾಚೆ ತೋರಿಸಿದಳು. “ಅದು ಎಲೆ ಜೊತೆ ಹೋಯ್ತಲ್ಲ.”

ಆಚೆ ಖಾಲಿ ಸೈಟು. ಗುಡಿಸಿದ ಎಲೆಯನ್ನೆಲ್ಲ ಅವಳು ಮಂಕರಿಯಲ್ಲಿ ತುಂಬಿ ಸುರಿಯುವುದು ಅಲ್ಲಿಗೇ. ಎಂಟೂ ಜನ ಒಬ್ಬರ ಮೇಲೊಬ್ಬರು ಬೀಳುತ್ತ ಗೋಡೆಗೆ ಓಡಿದರು. ಭಾರ್ಗವ್ ಒಗೆಯುವ ಕಲ್ಲು ಹತ್ತಿದ, ರಂಗೋಲಿ ಅಳಿಸಿಹೋಯಿತು. ಸೊಂಟ ಹಿಡಿದಿದ್ದ ಅಂಬುಜಾ ಬಕೆಟ್ ಬೋರಲು ಹಾಕಿ ಅದರ ಮೇಲೆ ಹೇಗೆ ಹತ್ತಿ ನಿಂತಳೋ ಅವಳಿಗೇ ಗೊತ್ತಿಲ್ಲ. ರಾಶಿಯ ಮೇಲಿನ ಒಂದೆಲೆ ಅಲುಗಿತು, ಮಗುಚಿತು, ಅದರ ಹಿಂದಿನಿಂದ ನವರಂಗ ಎದೆ ಸೆಟೆಸಿಕೊಂಡು ಹೊರಬಂತು. ಕೊಕ್ಕಿನಲ್ಲಿ ಎರೆಹುಳ. ಅದೇ ಮೇಡಂ, ಅದೇ, ಅದೇ ಎಂದು ಭಾರ್ಗವ್ ಚಿಕ್ಕ ಮಗುವಿನ ಹಾಗೆ ಪಿಸುಗುಟ್ಟಿದ. ಅಂಬುಜಾಳಿಗೆ ಸಂತೋಷಕ್ಕೆ ಕಣ್ಣು ತುಂಬಿ ಒಂದು ಹಕ್ಕಿ ಎರಡಾಗಿ ಕಂಡಿತು.

ಕಲ್ಲಿನಿಂದಿಳಿದ ಭಾರ್ಗವ್ ನೋಟ್‌ಬುಕ್ ತೆಗೆದು, ಮೊದಲು ಕಂಡದ್ದು ಯಾವತ್ತು, ದಾಖಲೆ ಮಾಡಬೇಕು ಎಂದ. ಗುರುವಾರ ಎನ್ನಲು ಹೊರಟ ಅಂಬುಜಾ ತಡೆದು, ಆಂಜನಮ್ಮನ ಕಡೆ ತಿರುಗಿದಳು.

“ನೀನು ಯಾವಾಗಿಂದ ನೋಡ್ತಿದ್ದೀಯ?”

“ನಿಮ್ಮನೆಗೆ ಸೇರ್ದಾಗಿಂದ. ಹನ್ನೊಂದು ವರ್ಷ ಆಯ್ತಲ್ಲ. ದಸರಾ ಮುಗಿದ್ರೆ ಬರ್ತದೆ, ವಾರ ಇದ್ದು ಹೋಗ್ತದೆ. ನೀವು ಏಳೋ ಹೊತ್ಗೆ ನಾನು ಗುಡ್ಸಿ ಮುಗ್ಸಿರ್ತೀನಿ.”

“ಒಂದಿನಾನೂ ಹೇಳ್ಲಿಲ್ವಲ್ಲೇ.”

“ನೀವು ಕಾಳಿಟ್ಟು ಕಾಯ್ತಿದ್ರಿ. ಇದು ಕಾಳು ಮುಟ್ಟಲ್ಲ. ನಿಮ್ಗೆ ಕಾಳು ತಿನ್ನೋ ಹಕ್ಕೀನೇ ಬೇಕೇನೋ ಅಂದ್ಕೊಂಡೆ.”

ಅಂಬುಜಾ ಭಾರ್ಗವನಿಗೆ ಹೇಳಿದಳು: “ಆಂಜನಮ್ಮ ಅಂತ ಬರ್ಕೊಳ್ಳಿ. ಅವರೇ ಮೊದಲು ನೋಡಿದ್ದು.”

ಭಾರ್ಗವ್ ಬರೆದುಕೊಂಡು, ತನ್ನ ಬೈನಾಕ್ಯುಲರನ್ನು ಕೊರಳಿಂದ ತೆಗೆದು ಅವಳಿಗೆ ಕೊಟ್ಟ. ಆಂಜನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಲ್ಲು ಹತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಸಾಕಷ್ಟು ಹೊತ್ತು ನೋಡಿ ಹಿಂದಕ್ಕೆ ಕೊಟ್ಟಳು.

“ಚೆನ್ನಾಗೈತೆ ಸಾರ್. ಆದ್ರೆ ನಂಗೆ ಇದಕ್ಕಿಂತ ಹತ್ರ ಕಾಣ್ತದೆ” ಎಂದು ಗೋಡೆಗೊರಗಿಸಿದ್ದ ಪೊರಕೆ ಎತ್ತಿ, ಅದರ ಉದ್ದ ತೋರಿಸಿದಳು.