ಮುಂದಿನ ಬ್ರೇಕ್

"ಬ್ರೇಕ್ ಹಿಡಿದು ನೋಡದೆ ಯಾವ ಸೈಕಲ್ಲನ್ನೂ ಅಂಗಡಿ ಮೆಟ್ಟಿಲು ಇಳಿಸೋದಿಲ್ಲ ಅಂತ ಮಾತು ಕೊಡು. ನಾನೇ ಜೋಡಿಸಿದ್ದಾದ್ರೂ ಅಷ್ಟೇ. ತಪ್ಪು ಕಂಡ್ರೆ ಗಿರಾಕಿ ಎದುರಿಗೇ ಹೇಳ್ಬೇಕು, ಅಪ್ಪ ಅನ್ನೋ ಮುಲಾಜು ಬೇಡ." ಹದಿನಾಲ್ಕರ ಮಗಳು ಮೊದಲ ಸಲ ಸ್ಪ್ಯಾನರ್ ಹಿಡಿದ ದಿನ ಅಪ್ಪ ಕೇಳಿದ್ದ, ಅವಳು ಕೊಟ್ಟಿದ್ದಳು. ಅದಾಗಿ ಇಪ್ಪತ್ತೆರಡು ವರ್ಷ.

ಈಗ ಅಪ್ಪ ತನ್ನ ಗಿಡ್ಡ ಮಣೆಯ ಮೇಲೆ ಕೂತು ಮಗುವಿನೊಂದಿಗೆ ಬಂದು ಕಾಯುತ್ತಿದ್ದ ಹೊಲಿಗೆಯಾಕೆಯ ಸೈಕಲ್ಲಿಗೆ ಮುಂದಿನ ಚಕ್ರ ಕೂರಿಸುತ್ತಿದ್ದ. ಫೋರ್ಕಿನ ನಟ್ಟನಡುವೆ ನಿಲ್ಲಿಸಿ, ಎಡಕ್ಕಿಷ್ಟು ಬಲಕ್ಕಿಷ್ಟು ಎಂದು ನಟ್ಟುಗಳನ್ನು ಬಿಗಿದು, ಚಕ್ರ ತಿರುಗಿಸಿ ಕಿವಿಗೊಟ್ಟ. ಎಲ್ಲೂ ತಾಗುತ್ತಿರಲಿಲ್ಲ. ಪಳಗಿದ ಕೈ.

ಚಕ್ರ ಬಿಚ್ಚಬೇಕಾದರೆ ಬ್ರೇಕಿನ ವೈರ್ ಕಳಚಬೇಕು. ಕಳಚಿದೊಡನೆ ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟುವುದು, ವೈರ್ ಮತ್ತೆ ಸಿಕ್ಕಿಸಿದ ಮೇಲೆಯೇ ಅದನ್ನು ಬಿಚ್ಚುವುದು ಆ ಅಂಗಡಿಯ ಪದ್ಧತಿ, ಅಪ್ಪನೇ ಮಾಡಿದ್ದು. ಆ ಬಟ್ಟೆಯನ್ನೇ ಬಿಚ್ಚಿ ಅಪ್ಪ ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡ. ಆಮೇಲೆ ಬರಿದಾದ ಹ್ಯಾಂಡಲ್ ನೋಡಿ, ಕೆಲಸ ಮುಗಿಯಿತೆಂದು ತಲೆದೂಗಿದ. ವೈರ್ ಇನ್ನೂ ನೇತಾಡುತ್ತಲೇ ಇತ್ತು.

ಪಕ್ಕದಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದ ಮಗಳು ನೋಡಿದಳು. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟಳು.

"ತಗೊಳ್ಳಮ್ಮ ನಿನ್ನ ಕುದುರೆ. ಇದಕ್ಕೆ ನನ್ನಷ್ಟೇ ವಯಸ್ಸು. ಆದ್ರೂ ನೋಡು, ಮಂಡಿನೋವಿಲ್ಲ!" ಎಂದ ಅಪ್ಪ.

"ನಿಮ್ಮ ಕೈಯಲ್ಲಿ ಬೆಳೆದದ್ದಲ್ವಾ, ಅದಕ್ಕೇ." ಹೊಲಿಗೆಯಾಕೆ ನಕ್ಕು, ತನ್ನ ಪುಟ್ಟ ಮಗಳನ್ನು ಎತ್ತಿ ಕ್ಯಾರಿಯರ್ ಮೇಲೆ ಕೂರಿಸಿದಳು.

"ಇಳಿಜಾರಲ್ಲಿ ಹುಷಾರು. ಮುಂದಿನ ಬ್ರೇಕ್ ಒಂದನ್ನೇ ಗಬಕ್ಕನೆ ಹಿಡಿದ್ರೆ ಇಬ್ರೂ ತಲೆಕೆಳಗಾಗ್ತೀರ. ಹಿಂದಿಂದು ಮೊದ್ಲು, ಮುಂದಿಂದು ಮೆಲ್ಲಗೆ, ಆಮೇಲೆ ಎರಡೂ ಒಟ್ಟಿಗೆ." ಪ್ರತಿ ಗಿರಾಕಿಗೂ ಹೇಳುವ ಮಾತು. ಅದರಲ್ಲಿ ಒಂದಕ್ಷರವನ್ನೂ ಅವನು ಮರೆತಿರಲಿಲ್ಲ.

"ಅಕ್ಕಾ, ಒಂದು ನಿಮಿಷ, ಗಾಳಿ ನೋಡ್ತೀನಿ," ಎಂದು ಮಗಳು ಎದ್ದಳು. ಅಪ್ಪ ಹೀಗೆ ಮರೆತ ಹಿಂದಿನ ನಾಲ್ಕು ಸಲವೂ ಇದೇ ನೆಪ. ಬಗ್ಗಿದಂತೆ ಮಾಡಿ ವೈರ್ ಸಿಕ್ಕಿಸಿಬಿಡುತ್ತಿದ್ದಳು. ಅಪ್ಪನಿಗೆ ಸುಳಿವೂ ಹತ್ತುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಳ್ಳುವಳು. ಊಟಕ್ಕೆ ಕೂತ ಅಪ್ಪನ ಮುಖ ನೋಡಿ, ನಾಳೆ ಹೇಳಿದರಾಯಿತು ಎಂದು ಅನ್ನ ಬಡಿಸುವಳು.

"ಗಾಳಿ ನಾನೇ ನೋಡಿದೀನಿ, ಬಿಡೇ. ನನಗೇ ಪಾಠ ಹೇಳೋಕೆ ಬರ್ತಾಳೆ! ನೀನು ಹೊರಡಮ್ಮ, ಮಗುಗೆ ಹೊತ್ತಾಗುತ್ತೆ."

ಹೊಲಿಗೆಯಾಕೆಯ ಕಾಲು ಪೆಡಲ್ ಮೇಲೆ ಬಂತು. ಅಂಗಡಿಯ ಮುಂದಿನಿಂದಲೇ ಬೀದಿ ಇಳಿಜಾರಾಗಿ ಹೋಗಿ, ಲಾರಿಗಳು ಓಡಾಡುವ ದೊಡ್ಡ ರಸ್ತೆಗೆ ಸೇರುತ್ತಿತ್ತು.

"ನಿಲ್ಲಿ ಅಕ್ಕಾ!" ಮಗಳ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಅಪ್ಪ ಮುಂದಿನ ಬ್ರೇಕ್ ಜೋಡಿಸಿಲ್ಲ."

ಅಪ್ಪ ನಗುತ್ತಲೇ ಎದ್ದು ಬಂದು ಬ್ರೇಕಿನ ಹಿಡಿಕೆ ಒತ್ತಿದ. ಅದು ತಡೆಯೇ ಇಲ್ಲದೆ ಹ್ಯಾಂಡಲ್ಲಿಗೆ ಅಂಟಿತು. ಮತ್ತೊಮ್ಮೆ ಒತ್ತಿದ. ನಗು ಇನ್ನೂ ಮುಖದ ಮೇಲೇ ಉಳಿದಿತ್ತು, ತೆಗೆಯಲು ಮರೆತವನಂತೆ.

"ಹೀಗೆ... ಇದೇ ಮೊದಲಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೊಲಿಗೆಯಾಕೆ ಬೀದಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

"ಐದನೇದು, ಅಪ್ಪಾ."

ಅವನು ಬೈಯಲಿಲ್ಲ. "ಮಗು ಇಳಿಸಮ್ಮ," ಎಂದಷ್ಟೇ ಹೇಳಿದ. ತನ್ನ ಮಣೆಯನ್ನು ಒಮ್ಮೆ ನೋಡಿ, ಅದನ್ನು ಬಳಸಿಕೊಂಡು ನಡೆದು, ಗಿರಾಕಿಗಳು ಕಾಯುವ ಬೆಂಚಿನ ತುದಿಯಲ್ಲಿ ಹೋಗಿ ಕೂತ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಸರದಿ ಬರಲೆಂದು ಕಾಯುವವನಂತೆ.

ಮಗಳು ಮಣೆಯ ಮೇಲೆ ಕೂತು ವೈರ್ ಸಿಕ್ಕಿಸಿದಳು. ಹಿಡಿಕೆ ಒತ್ತಿದಳು, ರಬ್ಬರ್ ರಿಮ್ಮನ್ನು ಕಚ್ಚಿ ಹಿಡಿಯಿತು. ಗಿರಾಕಿ ಎದುರಿಗೇ ಹೇಳುತ್ತೇನೆಂದು ಕೊಟ್ಟು, ನಾಲ್ಕು ಸಲ ಮುರಿದಿದ್ದ ಮಾತನ್ನು ಅವಳು ಇವತ್ತು ಉಳಿಸಿಕೊಂಡಿದ್ದಳು.