ಬಿಸಿಲಿಗಿಟ್ಟ ಮನಸ್ಸು

ಭಾನುವಾರ ಬಂತೆಂದರೆ ಧಾರವಾಡದ ಜನ ತಮ್ಮ ತಮ್ಮ ಮನಸ್ಸನ್ನು ತೆಗೆದು, ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಒಣಹಾಕುತ್ತಿದ್ದರು. ಇಂದೂಬಾಯಿ ಗಂಡನದನ್ನೂ ಅತ್ತೆಯದನ್ನೂ ಹರವಿ, ಕೋಲು ಹಿಡಿದು ಕಾಗೆ ಕಾಯುವಳು. ತನ್ನದನ್ನು ತೆಗೆಯಲು ಪುರಸೊತ್ತೇ ಸಿಗದೆ ಅದು ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಈ ವಾರ ತನ್ನದೊಂದನ್ನೇ ಬಿಸಿಲಿಗಿಟ್ಟು, ಕೋಲನ್ನು ಗಂಡ ವಾಮನರಾಯರ ಕೈಗೆ ಕೊಟ್ಟಳು. "ಕಾಗಿ ಬರ್ತಾವ, ಒಂದ್ ತಾಸು ಕಾಯ್ರಿ."

ರಾಯರು ಪೇಪರ್ ಬಿಡಿಸಿದರು. ಕಾಗೆ ಬಂದು ಮನಸ್ಸನ್ನು ನುಂಗಿಯೇಬಿಟ್ಟಿತು.

"ಇಂದೂ, ನಿನ್ನ ಮನಸ್ಸು ಕಾಗಿ ತಿಂತು," ಎಂದರು ರಾಯರು ಗಾಬರಿಯಾಗಿ.

"ತಿನ್ಲಿ ಬಿಡ್ರಿ," ಎಂದು ಇಂದೂಬಾಯಿ ಚಾಪೆಯ ಮೇಲೆ ಕಾಲು ಚಾಚಿದಳು.

ಕಾಗೆ ಹಾರಿಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ರಾಯರನ್ನೇ ದಿಟ್ಟಿಸಿ ಅಂದಿತು, "ಹಾಲು ಒಲಿ ಮ್ಯಾಲದ. ನಿಮ್ಮವ್ವಗ ಗುಳಿಗಿ ಕೊಟ್ರೇನು? ಪೇಪರ್ ಆಮ್ಯಾಲೆ ಓದ್ರಿ, ಮೊದ್ಲು ಏಳ್ರಿ."

ರಾಯರು ಕೆಳಗೆ ಓಡಿದರು. ಕಾಗೆ ಬೆನ್ನು ಹತ್ತಿತು. ಇಂದೂಬಾಯಿಯ ಗೊರಕೆ ಓಣಿಗೆಲ್ಲ ಕೇಳುತ್ತಿತ್ತು.