ಹೊಸ ತಂತಿ

"ಸ್ಟೀಲ್ ತಂತಿ ಕೊಡು. ಇದ್ದದ್ರಾಗ ದಪ್ಪಂದು."

ಅಂಗಡಿಯವನು ದೇವದಾನ ಮಾಸ್ತರರ ಮುಖವನ್ನೊಮ್ಮೆ ನೋಡಿದ. "ಯಾವ ಗಿಟಾರಿಗ್ರೀ?"

"ಚರ್ಚಿನ ಗಿಟಾರಿಗೆ."

"ಅದು ನೈಲಾನ್ ತಂತಿ ಗಿಟಾರಲ್ರೀ ಮಾಸ್ತರ! ಸ್ಟೀಲ್ ಹಾಕಿ ಬಿಗಿದ್ರ ತಂತಿ ಹಿಡಿದಿರೋ ಪಟ್ಟೀನೇ ಕಿತ್ತು ಮಾರಿಗೆ ಬಡೀತೈತಿ."

"ಯಾರ ಮಾರಿಗೆ?"

"ಶ್ರುತಿ ಮಾಡೋರ ಮಾರಿಗೆ."

"ಹಂಗಾರ ಕಟ್ಟಿಕೊಡು. ನಿನ್ನ ಶಾಣ್ಯಾತನ ಸಾಕು."

ಇಪ್ಪತ್ತೆರಡು ವರ್ಷ ಭಾನುವಾರದ ಆರಾಧನೆಯಲ್ಲಿ ಆ ಗಿಟಾರನ್ನು ಮಾಸ್ತರರು ಬೇರೊಬ್ಬರ ತೊಡೆಗೆ ಕೊಟ್ಟವರಲ್ಲ. ಈಗ ಪಾಸ್ಟರು, "ಈ ಭಾನುವಾರದಿಂದ ಸುವಾರ್ತಾ ನುಡಸ್ತಾಳ, ನೀವು ಆರಾಮ ಇರ್ರಿ. ಹೊಸ ತಂತಿ ಮಾತ್ರ ಹಾಕಿಕೊಡ್ರಿ" ಎಂದುಬಿಟ್ಟಿದ್ದರು. ಸುವಾರ್ತಾ! ಅವರೇ ಕೈಹಿಡಿದು ಕಲಿಸಿದ ಹುಡುಗಿ. ಮೊನ್ನೆ ಮೊನ್ನೆಯವರೆಗೂ ಬೆರಳು ನೋಯುತ್ತವೆಂದು ಮೂಗು ಒರೆಸಿಕೊಳ್ಳುತ್ತಿದ್ದವಳು ಈಗ ಅವರ ಕುರ್ಚಿಗೇ ಬಂದಿದ್ದಳು.

ಶನಿವಾರ ಸಂಜೆ ಮಾಸ್ತರರು ಹೊಸ ತಂತಿ ಹಾಕಿದರು. ಬಿಗಿಯಲಿಲ್ಲ, ಸಡಿಲವಾಗಿಯೇ ಬಿಟ್ಟರು. ಬಿಗಿದುಕೊಳ್ಳಲಿ ಅವಳೇ.

ಭಾನುವಾರ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತರು. ಸುವಾರ್ತಾ ಗಿಟಾರು ಎತ್ತಿಕೊಂಡು ಮೀಟಿದಳು. ಸಡಿಲ ತಂತಿ ಗೊರಗೊರ ಎಂದಿತು, ಯಾರೋ ಕಿಸಕ್ಕೆಂದರು. ಅವಳು ಬಿಗಿಯುವುದನ್ನೇ ಮಾಸ್ತರರು ಕಾದರು.

ಹುಡುಗಿ ತಂತಿ ಬಿಗಿಯಲಿಲ್ಲ. ಬೆಂಚುಗಳ ನಡುವೆ ನೇರ ನಡೆದುಬಂದು, ಇಡೀ ಸಭೆ ತಿರುಗಿ ನೋಡುತ್ತಿರುವಾಗ, ಗಿಟಾರನ್ನು ಅವರ ತೊಡೆಯ ಮೇಲಿಟ್ಟಳು.

"ಎಲ್ಲಾ ಕಲಿಸಿದ್ರಿ ಸರ, ಶ್ರುತಿ ಮಾಡೋದೊಂದು ಕಲಿಸಲೇ ಇಲ್ಲ. ನೀವೇ ಬಿಗಿದು ಕೊಡ್ರಿ."